ಶೀತಲೀ ಪ್ರಾಣಾಯಾಮವೂ ನನ್ನ ಸುರುಳಿಯಾಗದ ನಾಲಗೆಯೂ



ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಒಂದೆಡೆ ಸೇರಿದರೆ ನನ್ನ ಕುರಿತು ಎರಡು ವಿಷಯಗಳನ್ನು ತಪ್ಪದೇ ನೆನೆಯುತ್ತಾರೆ. ಒಂದು, ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣಗಳಿಂದ ನಾನು ಬಿಡಿಸುತ್ತಿದ್ದ ಹೃದಯದ ಚಿತ್ರ. ಇನ್ನೊಂದು ನನ್ನ ಸಿಟ್ಟು. ನನ್ನ ಬೆನ್ನ ಹಿಂದೆ ನೀವೆಲ್ಲ ನನ್ನನ್ನು ‘ಕಾದ ಹಂಚು’ ಎಂದು ಕರೆಯುತ್ತಿದ್ದಿರಿ ಎಂಬುದು ನನಗೆ ಆಗಲೇ ತಿಳಿದಿತ್ತು. ತಿಳಿದೂ ತಿಳಿಯದವನಂತೆ ಇದ್ದೆ, ಅಷ್ಟೇ. ಅಂಥ ಕಾದ ಹಂಚು ತನ್ನ ಅರವತ್ತೈದನೆಯ ವಯಸ್ಸಿನಲ್ಲಿ ತಣ್ಣಗಾಗುವ ವಿದ್ಯೆಯನ್ನು ಕಲಿಯಹೊರಟ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ಇದರಲ್ಲಿ ನಗುವ ಸಂಗತಿಗಳೂ ಇವೆ. ನಾನು ಬಹಳ ಕಾಲದಿಂದ ತೀರಿಸದೇ ಉಳಿಸಿಕೊಂಡಿದ್ದ ಒಂದು ಸಾಲದ ವಿಷಯವೂ ಇದೆ. ಆದ್ದರಿಂದ ದಯವಿಟ್ಟು ಕೊನೆಯವರೆಗೆ ಓದಬೇಕೆಂದು ವಿನಂತಿ.

2024ರ ಏಪ್ರಿಲ್ ತಿಂಗಳನ್ನು ನೀವು ಮರೆತಿರಲಾರಿರಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕೆರೆಗಳು ಬರಿದಾಗಿದ್ದವು. ನಮ್ಮ ಚಿತ್ರದುರ್ಗವಂತೂ ಕಲ್ಲಿನ ಊರು. ಹಗಲೆಲ್ಲ ಬಿಸಿಲು ಕುಡಿದ ಬಂಡೆಗಳು ರಾತ್ರಿಯೆಲ್ಲ ಆ ಬಿಸಿಯನ್ನು ಊರಿನ ಮೇಲೆ ಉಗುಳುತ್ತವೆ. ಫ್ಯಾನು ತಿರುಗಿದರೆ ಬಿಸಿಗಾಳಿ, ನಿಂತರೆ ಬೆವರು. ಅಂಥ ಒಂದು ಮಧ್ಯಾಹ್ನ ಅಡುಗೆ ಅನಿಲದ ಸಿಲಿಂಡರ್ ತಂದ ಹುಡುಗನ ಮೇಲೆ ಚಿಲ್ಲರೆಯ ವಿಷಯಕ್ಕೆ ಹಾರಾಡಿದೆ. ಅವನು ಏನೂ ಮಾತನಾಡದೆ ಹೋದ. ನನಗೆ ಮಾತ್ರ ತಲೆ ಸುತ್ತಿದಂತಾಗಿ ಗೋಡೆ ಹಿಡಿದು ಕುಳಿತೆ. ಸಂಜೆ ವೈದ್ಯರು ರಕ್ತದೊತ್ತಡ ಅಳೆದರೆ 164/96. ಮಾತ್ರೆ ಬರೆದುಕೊಟ್ಟರು, ಉಪ್ಪು ಕಡಿಮೆ ಮಾಡಿ ಎಂದರು, ಬೆಳಗ್ಗೆ ನಡೆಯಿರಿ ಎಂದರು. ಕೊನೆಗೆ ನನ್ನ ಶ್ರೀಮತಿಯ ಕಡೆಗೆ ತಿರುಗಿ, “ಮೇಷ್ಟ್ರು ಸ್ವಲ್ಪ ಉಸಿರಾಟದ ಅಭ್ಯಾಸ ಮಾಡಿದರೆ ಒಳ್ಳೆಯದು” ಎಂದರು. ನನಗೆ ನೇರವಾಗಿ ಹೇಳಲು ಅವರಿಗೂ ಭಯವಿತ್ತೆಂದು ಕಾಣುತ್ತದೆ!

ನಾನು ಯೋಗದ ನೆರಳಿನಲ್ಲೇ ಬೆಳೆದವನು ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ನಮ್ಮೂರಿಗೆ ದೂರವೇನಲ್ಲ. ಅಲ್ಲಿನ ಅನಾಥಸೇವಾಶ್ರಮದ ರಾಘವೇಂದ್ರ ಸ್ವಾಮೀಜಿಯವರು, ‘ತಿರುಕ’ ಎಂಬ ಹೆಸರಿನಿಂದ ಬರೆಯುತ್ತಿದ್ದವರು, ನಾಡಿನ ಊರೂರುಗಳಲ್ಲಿ ಶಿಬಿರ ನಡೆಸಿ ಯೋಗಾಸನ ಕಲಿಸಿದವರು. ಅವರು ದೇಹ ಬಿಟ್ಟಿದ್ದು 1996ರಲ್ಲಿ. ನನ್ನ ತಂದೆಯವರು ಅವರ ಶಿಬಿರದಲ್ಲಿ ಕಲಿತುಬಂದು ಹಜಾರದಲ್ಲಿ ಕಂಬಳಿ ಹಾಸಿ ಶೀರ್ಷಾಸನ ಹಾಕುತ್ತಿದ್ದರು. ನಾನು ಅವರನ್ನು ನೋಡುತ್ತಾ ಕಾಫಿ ಕುಡಿಯುತ್ತಿದ್ದೆ. 2015ರಲ್ಲಿ ಮೊದಲ ಅಂತರರಾಷ್ಟ್ರೀಯ ಯೋಗ ದಿನ ಬಂದಾಗ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಸೀಟಿ ಹಿಡಿದು, ನಾನು ಮಾತ್ರ ಬಗ್ಗದೇ ನಿಂತಿದ್ದೆ. ಬೇರೆಯವರಿಂದ ಮಾಡಿಸುವುದರಲ್ಲಿ ಮೇಷ್ಟ್ರುಗಳು ಯಾವಾಗಲೂ ಮುಂದು.

ಅಂತೂ ಮೇ ತಿಂಗಳ ಮೊದಲ ವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಬೆಳಗಿನ ಐದೂವರೆಗೆ ನಡೆಯುವ ತರಗತಿಗೆ ಶ್ರೀಮತಿಯ ಜೊತೆ ಹೋಗಿ ಸೇರಿದೆ. ಕಲಿಸುವವರು ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ನನ್ನ ಕೊನೆಯ ತಂಡದ ವಿದ್ಯಾರ್ಥಿಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮೂವತ್ತೈದು ವರ್ಷ ಮೇಜಿನ ಆ ಕಡೆ ನಿಂತವನಿಗೆ ಈ ಕಡೆ ಚಾಪೆಯ ಮೇಲೆ ಕೂರುವುದು ಸುಲಭವಲ್ಲ. ಆದರೂ ಕುಳಿತೆ. ಮೊದಲ ಹತ್ತು ದಿನ ಕೈಕಾಲು ಸಡಿಲಿಸುವುದು, ದೀರ್ಘ ಉಸಿರಾಟ, ಅನುಲೋಮ ವಿಲೋಮ ಇವೇ ಆದವು. ಹನ್ನೊಂದನೆಯ ದಿನ ಅವರು, “ಬಿಸಿಲು ಜಾಸ್ತಿ ಇದೆಯಲ್ಲ, ಇವತ್ತು ಶೀತಲೀ ಕಲಿಯೋಣ” ಎಂದರು.

ತಿಳಿಯದವರಿಗಾಗಿ ಕ್ರಮವನ್ನು ಬರೆಯುತ್ತೇನೆ. ಸುಖಾಸನದಲ್ಲಿ, ಆಗದವರು ಕುರ್ಚಿಯ ಮೇಲೆ, ಬೆನ್ನು ನೇರವಾಗಿಟ್ಟು ಕುಳಿತುಕೊಳ್ಳಬೇಕು. ಕೈಗಳು ಮೊಣಕಾಲಿನ ಮೇಲಿರಲಿ. ನಾಲಗೆಯನ್ನು ತುಟಿಯಿಂದ ಸ್ವಲ್ಪ ಹೊರಗೆ ಚಾಚಿ, ಅದರ ಎರಡೂ ಅಂಚುಗಳನ್ನು ಮೇಲಕ್ಕೆ ಮಡಿಚಿ ಕೊಳವೆಯಂತೆ ಮಾಡಬೇಕು. ಎಳೆಯ ವೀಳ್ಯದೆಲೆಯನ್ನು ಉದ್ದಕ್ಕೆ ಸುರುಳಿ ಸುತ್ತಿದರೆ ಹೇಗೆ ಕಾಣುವುದೋ ಹಾಗೆ. ಆ ಕೊಳವೆಯ ಮೂಲಕ ‘ಸ್ಸ್ಸ್’ ಎಂಬ ಸಣ್ಣ ಸದ್ದಿನೊಂದಿಗೆ ನಿಧಾನವಾಗಿ ಉಸಿರನ್ನು ಒಳಗೆ ಎಳೆದುಕೊಳ್ಳಬೇಕು. ನಂತರ ನಾಲಗೆಯನ್ನು ಒಳಗೆ ತೆಗೆದುಕೊಂಡು, ಬಾಯಿ ಮುಚ್ಚಿ, ಎರಡೂ ಮೂಗಿನ ಹೊಳ್ಳೆಗಳಿಂದ ಇನ್ನೂ ನಿಧಾನವಾಗಿ ಹೊರಬಿಡಬೇಕು. ಇದು ಒಂದು ಸುತ್ತು. ಮೊದಲು ಐದು ಸುತ್ತು ಸಾಕು. ಉಸಿರನ್ನು ಒಳಗೆ ಹಿಡಿದಿಡುವ ಕುಂಭಕವನ್ನು ನಮ್ಮಂಥ ವಯಸ್ಸಿನವರಿಗೆ, ಅದರಲ್ಲೂ ರಕ್ತದೊತ್ತಡ ಇರುವವರಿಗೆ, ಅವರು ಹೇಳಿಕೊಡಲಿಲ್ಲ.

ಎಲ್ಲರೂ ನಾಲಗೆ ಚಾಚಿದರು. ನನ್ನ ಶ್ರೀಮತಿಯ ನಾಲಗೆ ಮೊದಲ ಸಲಕ್ಕೇ ಸೊಗಸಾಗಿ ಸುರುಳಿಯಾಯಿತು. ಪಕ್ಕದಲ್ಲಿದ್ದ ನಿವೃತ್ತ ಪೋಸ್ಟ್ ಮಾಸ್ತರರದೂ ಆಯಿತು. ನನ್ನದು ಮಾತ್ರ ದೋಸೆ ಮಗುಚುವ ಕೈಯಂತೆ ಚಪ್ಪಟೆಯಾಗಿ ಹೊರಬಂದು ಹಾಗೆಯೇ ನಿಂತಿತು. ಬೆರಳಿನಿಂದ ಮಡಿಚಿ ಹಿಡಿದರೂ ಬಿಟ್ಟ ಕೂಡಲೇ ಮತ್ತೆ ಚಪ್ಪಟೆ. ಸೋಲೊಪ್ಪಿಕೊಳ್ಳುವ ಸ್ವಭಾವ ನನ್ನದಲ್ಲವಲ್ಲ! ತಕ್ಷಣ ಒಳಗಿನ ವಿಜ್ಞಾನದ ಮೇಷ್ಟ್ರು ಎದ್ದು ನಿಂತ. “ಮೇಡಂ, ಇದು ಅಭ್ಯಾಸದಿಂದ ಬರುವಂಥದ್ದಲ್ಲ. ನಾಲಗೆ ಸುತ್ತುವ ಗುಣ ಅನುವಂಶೀಯ. ಒಂದು ಪ್ರಬಲ ಜೀನಿನಿಂದ ಬರುತ್ತದೆ. ನನ್ನಲ್ಲಿ ಆ ಜೀನು ಇಲ್ಲ. ಇದನ್ನು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ” ಎಂದು ಸಣ್ಣ ಭಾಷಣ ಮಾಡಿದೆ.

ಆಕೆ ನಕ್ಕು, “ಸರ್, ಜೀನಿನ ವಿಷಯ ನನಗೆ ಗೊತ್ತಿಲ್ಲ. ನಾಲಗೆ ಬಾರದವರಿಗೆ ಸೀತ್ಕಾರಿ ಇದೆ, ಅದನ್ನು ಮಾಡಿ. ಆದರೆ ನಾಲಗೆಯನ್ನೂ ದಿನಾ ಸ್ವಲ್ಪ ಪ್ರಯತ್ನಿಸಿ. ನನಗೂ ಮೊದಲು ಬರುತ್ತಿರಲಿಲ್ಲ” ಎಂದರು.

ಸೀತ್ಕಾರಿ ಎಂದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಮೆಲ್ಲಗೆ ಕೂಡಿಸಿ, ತುಟಿಗಳನ್ನು ಅಗಲಿಸಿ, ಹಲ್ಲಿನ ಸಂದುಗಳಿಂದ ಉಸಿರೆಳೆದುಕೊಂಡು ಮೂಗಿನಿಂದ ಬಿಡುವುದು. ಖಾರದ ಮೆಣಸಿನಕಾಯಿ ಕಚ್ಚಿದಾಗ ನಾವು ಯಾರಿಂದಲೂ ಕಲಿಯದೇ ಮಾಡುವುದು ಇದನ್ನೇ. ಮನೆಗೆ ಬಂದು ‘ಹಠಯೋಗ ಪ್ರದೀಪಿಕಾ’ ತೆರೆದೆ. ಹದಿನೈದನೆಯ ಶತಮಾನದ ಸ್ವಾತ್ಮಾರಾಮರ ಈ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಎಂಟು ಕುಂಭಕಗಳ ವಿವರ ಇದೆ. ಅವುಗಳಲ್ಲಿ ಸೀತ್ಕಾರಿ, ಶೀತಲೀ ಒಂದರ ಹಿಂದೆ ಒಂದು ಬರುತ್ತವೆ. ಶೀತಲಿಯು ಗುಲ್ಮ, ಪ್ಲೀಹ ಮೊದಲಾದ ರೋಗಗಳನ್ನೂ ಜ್ವರ, ಪಿತ್ತ, ಹಸಿವು, ಬಾಯಾರಿಕೆಗಳನ್ನೂ ಕೊನೆಗೆ ವಿಷವನ್ನೂ ನಿವಾರಿಸುತ್ತದೆ ಎಂದು ಗ್ರಂಥಕಾರರು ಹೇಳುತ್ತಾರೆ. ಇದನ್ನು ನಂಬಿ ಹಾವು ಕಚ್ಚಿದಾಗ ನಾಲಗೆ ಸುತ್ತಿಕೊಂಡು ಕೂರಬೇಡಿರಪ್ಪ, ಮೊದಲು ಆಸ್ಪತ್ರೆಗೆ ಓಡಿ! ಇನ್ನು ಸೀತ್ಕಾರಿಯ ಅಭ್ಯಾಸದಿಂದ ಮನುಷ್ಯ ಎರಡನೆಯ ಮನ್ಮಥನಾಗುತ್ತಾನಂತೆ. ಇದನ್ನು ಶ್ರೀಮತಿಗೆ ಓದಿ ಹೇಳಿದಾಗ ಆಕೆ ನನ್ನ ಬೋಳುತಲೆಯನ್ನೊಮ್ಮೆ ನೋಡಿ, “ಮೊದಲು ಸಿಟ್ಟು ಇಳಿಯಲಿ, ಆಮೇಲೆ ಮನ್ಮಥ” ಎಂದಳು.

ನಾನು ಎಲ್ಲದರಲ್ಲೂ ಅತಿ. ಐದು ಸುತ್ತು ಎಂದರೆ ಮೊದಲ ದಿನವೇ ನಲವತ್ತು ಸುತ್ತು ಮಾಡಿದೆ. ಮೂರನೆಯ ದಿನ ಕೆಳಗಿನ ಹುಳುಕು ಹಲ್ಲು ಜುಮ್ಮೆನ್ನಲು ಶುರುವಾಯಿತು. ಗಾಳಿ ತಾಗಿದರೆ ಸಾಕು, ಪ್ರಾಣ ಹೋದಂತಾಗುತ್ತಿತ್ತು. ದಂತವೈದ್ಯರ ಬಳಿ ಹೋಗಿ ಹಲ್ಲು ತುಂಬಿಸಿಕೊಂಡು ಬಂದ ಮೇಲೆ ಗುರುಗಳು ಮೂರನೆಯ ದಾರಿ ತೋರಿಸಿದರು. ತುಟಿಗಳನ್ನು ಕಾಗೆಯ ಕೊಕ್ಕಿನಂತೆ ಮುಂದಕ್ಕೆ ಚಾಚಿ, ಆ ಸಣ್ಣ ಕಿಂಡಿಯಿಂದ ಉಸಿರೆಳೆಯುವುದು. ನಾಲಗೆಯೂ ಬೇಡ, ಹಲ್ಲೂ ಬೇಡ. ಹೀಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತೋರಿಸುವ ತಾಳ್ಮೆ ಆಕೆಗೆ ಇತ್ತು. ನನ್ನ ತರಗತಿಗಳಲ್ಲಿ ನಾನು ಎಷ್ಟು ಮಕ್ಕಳಿಗೆ ಎರಡನೆಯ ಬಾಗಿಲು ತೋರಿಸಿದ್ದೆ ಎಂದು ಆ ದಿನ ಮನೆಗೆ ನಡೆದು ಬರುವಾಗ ಯೋಚಿಸಿದೆ. ಲೆಕ್ಕ ಬಹಳ ಚಿಕ್ಕದಿತ್ತು.

ತಂಪು ಹೇಗೆ ಬರುತ್ತದೆ ಎಂಬುದನ್ನು ವಿಜ್ಞಾನದ ಮೇಷ್ಟ್ರಾಗಿ ಹೇಳದೇ ಬಿಡಲಾರೆ. ಒಂಬತ್ತನೆಯ ತರಗತಿಯಲ್ಲಿ ‘ಬಾಷ್ಪೀಕರಣದ ಗುಪ್ತೋಷ್ಣ’ ಎಂದು ಕಲಿಸಿದ್ದು ನೆನಪಿದೆಯೇ? ನೀರು ಆವಿಯಾಗಬೇಕಾದರೆ ಶಾಖ ಬೇಕು. ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಇದರಿಂದಲೇ. ಬಿಸಿಲಿನಲ್ಲಿ ನಾಯಿ ನಾಲಗೆ ಚಾಚಿ ಏದುಸಿರು ಬಿಡುವುದೂ ಇದಕ್ಕಾಗಿಯೇ. ಒಣಗಾಳಿ ಒದ್ದೆ ನಾಲಗೆಯ ಮೇಲೆ ಹಾಯುವಾಗ ತೇವ ಆವಿಯಾಗಿ ನಾಲಗೆಯ ಶಾಖವನ್ನು ಒಯ್ಯುತ್ತದೆ. ನಮಗೆ ತಂಪೆನಿಸುತ್ತದೆ. ಮಂಗಳೂರಿನಲ್ಲಿರುವ ನನ್ನ ಭಾವಮೈದುನ ಫೋನಿನಲ್ಲಿ ನನ್ನಿಂದ ಕಲಿತು ಮಾಡಿ, “ಭಾವ, ನನಗೇನೂ ಅಷ್ಟು ತಂಪಾಗಲಿಲ್ಲ” ಎಂದ. ಆಗುವುದು ಹೇಗೆ? ಕಡಲ ತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಅಲ್ಲಿ ಒಗೆದ ಬಟ್ಟೆಯೂ ಬೇಗ ಒಣಗುವುದಿಲ್ಲ, ನಾಲಗೆಯೂ ಅಷ್ಟೇ. ಶೀತಲಿಗೆ ನಮ್ಮ ಬಯಲುಸೀಮೆಯೇ ಸರಿ.

ಹಾಗೆಂದು ಮೈಯೆಲ್ಲ ತಣ್ಣಗಾಗಿಬಿಡುತ್ತದೆ ಎಂದು ಭಾವಿಸಬೇಡಿ. ನಾನು ಅಭ್ಯಾಸಕ್ಕೆ ಮೊದಲು ಮತ್ತು ನಂತರ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಒಂದು ವಾರ ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಬೇರೆ. ಗಡಿಯಾರ ಎದುರಿಗಿಟ್ಟು ಎಣಿಸಿದಾಗ ನಿಮಿಷಕ್ಕೆ ಹದಿನಾರು ಇದ್ದ ಉಸಿರು, ಅಭ್ಯಾಸದ ಹೊತ್ತಿನಲ್ಲಿ ಐದಾರಕ್ಕೆ ಇಳಿಯುತ್ತಿತ್ತು. ಉಸಿರು ನಿಧಾನವಾದಾಗ, ಅದರಲ್ಲೂ ಹೊರಬಿಡುವ ಉಸಿರು ದೀರ್ಘವಾದಾಗ, ಹೃದಯದ ಬಡಿತವನ್ನು ತಗ್ಗಿಸುವ ವೇಗಸ್ ನರದ ಪ್ರಭಾವ ಹೆಚ್ಚುತ್ತದೆ. ಇಳಿಯುವುದು ಮೈಯ ಬಿಸಿಯಲ್ಲ, ಮನಸ್ಸಿನ ಕಾವು.

ಇಷ್ಟಾಗುವ ಹೊತ್ತಿಗೆ ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಎಂಟು ವರ್ಷದವಳು. ತಾತ ತುಟಿ ಚಾಚಿ, ಅಜ್ಜಿ ನಾಲಗೆ ಸುತ್ತಿ ಕೂರುವುದನ್ನು ನೋಡಿ ಅವಳಿಗೆ ಎಲ್ಲಿಲ್ಲದ ನಗು. ಅವಳ ನಾಲಗೆಯೂ ನನ್ನಂತೆಯೇ ಚಪ್ಪಟೆ. “ನೀನು ತಾತನ ಕಡೆ, ನಿನಗೂ ಬರುವುದಿಲ್ಲ ಬಿಡು” ಎಂದು ತೀರ್ಪು ಕೊಟ್ಟೆ. ಅವಳು ಕೇಳಲಿಲ್ಲ. ಬಚ್ಚಲ ಮನೆಯ ಕನ್ನಡಿಯ ಮುಂದೆ ನಿಂತು ದಿನಾ ಹಲ್ಲುಜ್ಜಿದ ಮೇಲೆ ನಾಲಗೆಯ ಜೊತೆ ಗುದ್ದಾಡುತ್ತಿದ್ದಳು. ಹದಿನೆಂಟನೆಯ ದಿನವೋ ಇಪ್ಪತ್ತನೆಯ ದಿನವೋ, ನಾನು ಪತ್ರಿಕೆ ಓದುತ್ತಿದ್ದಾಗ ಓಡಿಬಂದು ಎದುರಿಗೆ ನಿಂತಳು. ಮಾತನಾಡಲಿಲ್ಲ. ನಾಲಗೆ ಹೊರಗೆ ಚಾಚಿದ್ದಳು. ಅದು ಕೊಳವೆಯಾಗಿತ್ತು.

ನಾನು ಅವಳನ್ನು ಎತ್ತಿ ಮುದ್ದಾಡಬೇಕಿತ್ತು. ಆದರೆ ಪತ್ರಿಕೆ ಹಿಡಿದ ಕೈ ಹಾಗೆಯೇ ನಿಂತಿತು. ಏಕೆಂದರೆ ಆ ಸುರುಳಿಯಾದ ಪುಟ್ಟ ನಾಲಗೆಯನ್ನು ಕಂಡಾಗ ನನಗೆ ಇನ್ನೊಂದು ಹುಡುಗಿಯ ನೆನಪಾಯಿತು.

1995ರ ಮಾರ್ಚ್ ತಿಂಗಳು. ಆಗ ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು. ಹತ್ತನೆಯ ತರಗತಿಯ ಕೋಣೆಗೆ ತಗಡಿನ ಸೂರು. ಊಟದ ನಂತರದ ಪಿರಿಯಡ್ಡಿನಲ್ಲಿ ಒಳಗೆ ನಿಂತರೆ ರೊಟ್ಟಿಯ ಹಂಚಿನ ಕೆಳಗೆ ನಿಂತಂತೆ. ಪರೀಕ್ಷೆ ಹತ್ತಿರ ಬಂದಿತ್ತು, ಅನುವಂಶೀಯತೆಯ ಪಾಠವನ್ನು ಪುನರಾವರ್ತನೆ ಮಾಡುತ್ತಿದ್ದೆ. ಮೆಂಡಲ್ ಅವರ ಬಟಾಣಿ ಗಿಡ ಮಕ್ಕಳಿಗೆ ದೂರದ ಮಾತು. ಹಾಗಾಗಿ ಬಿ.ಎಡ್. ಓದುವಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ ಉದಾಹರಣೆಯನ್ನೇ ಪ್ರತಿವರ್ಷ ಬಳಸುತ್ತಿದ್ದೆ. ನಾಲಗೆ ಸುತ್ತುವ ಗುಣ ಪ್ರಬಲ, ಸುತ್ತಲಾಗದ ಗುಣ ದುರ್ಬಲ. ತಂದೆತಾಯಿ ಇಬ್ಬರಿಗೂ ಬಾರದಿದ್ದರೆ ಮಕ್ಕಳಿಗೆ ಬರಲು ಸಾಧ್ಯವೇ ಇಲ್ಲ. ಮನೆಗೆ ಹೋಗಿ ತಂದೆತಾಯಿಯರ ನಾಲಗೆ ನೋಡಿ ಬರೆದುಕೊಂಡು ಬನ್ನಿ ಎಂದು ಮನೆಗೆಲಸ ಕೊಟ್ಟೆ.

ಮರುದಿನ ಎರಡನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಅಪ್ಪನಿಗೂ ಬರಲ್ಲ, ಅವ್ವನಿಗೂ ಬರಲ್ಲ, ನನಗೆ ಬರುತ್ತೆ” ಎಂದಳು. ನಾಲಗೆ ಸುತ್ತಿಯೂ ತೋರಿಸಿದಳು. ಹಿಂದಿನ ಬೆಂಚಿನಿಂದ ಯಾವನೋ ಒಬ್ಬ, “ಹಂಗಾರೆ ಇವಳು ಯಾರ ಮಗಳೋ?” ಎಂದ. ತರಗತಿಯೆಲ್ಲ ನಕ್ಕಿತು.

ಆಗ ನಾನು ಏನು ಮಾಡಬೇಕಿತ್ತು ಎಂಬುದು ಇಂದು ನನಗೆ ಚೆನ್ನಾಗಿ ಗೊತ್ತು. ಮಾಡಿದ್ದೇನು ಎಂಬುದನ್ನು ಬರೆಯುತ್ತೇನೆ. ನನ್ನ ಪಾಠ ತಪ್ಪಾಯಿತಲ್ಲ ಎಂಬ ಕಸಿವಿಸಿ, ಮೇಲಿನ ಸುಡುಬಿಸಿಲು, ಆ ನಗು, ಎಲ್ಲವೂ ಸೇರಿ ನನ್ನ ಸಿಟ್ಟು ಕೆರಳಿತು. ಅದು ತಿರುಗಿದ್ದು ಆ ಹುಡುಗನ ಮೇಲಲ್ಲ, ಅವಳ ಮೇಲೆ. “ಸರಿಯಾಗಿ ನೋಡಿಕೊಂಡು ಬರಲು ಬರುವುದಿಲ್ಲವೇ? ಪುಸ್ತಕ ಸುಳ್ಳು ಹೇಳುತ್ತದೆಯೇ? ಕೂತ್ಕೋ!” ಎಂದು ಗದರಿದೆ. ಅವಳು ಕುಳಿತಳು. ಪುಸ್ತಕದಲ್ಲಿ ಆ ಉದಾಹರಣೆ ಇರಲೂ ಇಲ್ಲ, ಅದು ನನ್ನ ಟಿಪ್ಪಣಿಯದು.

ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವಳ ಅಜ್ಜಿ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತರು. “ಏನ್ ಹೇಳಿದ್ರಿ ಮೇಷ್ಟ್ರೇ ಹುಡುಗೀಗೆ? ಅನ್ನ ಮುಟ್ಟಲ್ಲ. ನಾನು ನಿಮ್ಮ ಮಗಳಲ್ಲವಾ ಅಂತ ಅವ್ವನ್ನ ಕೇಳ್ತದೆ” ಎಂದರು. ನಾನು ಏನೋ ಸಮಜಾಯಿಷಿ ಹೇಳಿ, ಕಳುಹಿಸಿಕೊಡಿ ಎಂದೆ. ಹುಡುಗಿ ಬಂದಳು, ಪರೀಕ್ಷೆ ಬರೆದಳು, ಪಾಸಾದಳು, ಹೋದಳು. ತರಗತಿಯ ಎದುರಿಗೆ ಒಂದು ಮಾತು ಹೇಳಿ ಅವಳ ತಲೆ ಎತ್ತಿಸುವ ಕೆಲಸವನ್ನು ನಾನು ಮಾಡಲಿಲ್ಲ. ಮುಂದಿನ ವರ್ಷವೂ ಅದೇ ಟಿಪ್ಪಣಿ, ಅದೇ ಮನೆಗೆಲಸ.

ಮೊಮ್ಮಗಳ ನಾಲಗೆ ಸುರುಳಿಯಾದ ದಿನ ನಾನು ಮೊದಲ ಬಾರಿಗೆ ನನ್ನ ಟಿಪ್ಪಣಿಯನ್ನು ಪರೀಕ್ಷಿಸಲು ಕುಳಿತೆ. ಓದುತ್ತಾ ಹೋದಂತೆ ತಲೆ ತಗ್ಗಿತು. ನಾಲಗೆ ಸುತ್ತುವುದು ಒಂದು ಪ್ರಬಲ ಜೀನಿನಿಂದ ಬರುವ ಗುಣ ಎಂದು 1940ರಲ್ಲಿ ಪ್ರಕಟಿಸಿದವರು ಅಮೆರಿಕದ ಆಲ್ಫ್ರೆಡ್ ಸ್ಟರ್ಟೆವಂಟ್. ಸಾಮಾನ್ಯರಲ್ಲ, 1913ರಲ್ಲಿ ಕ್ರೋಮೋಸೋಮಿನ ಮೇಲೆ ಜೀನುಗಳ ಮೊತ್ತಮೊದಲ ನಕ್ಷೆ ರಚಿಸಿದ ದೊಡ್ಡ ವಿಜ್ಞಾನಿ. ಆದರೆ 1951ರಲ್ಲಿ ಜಪಾನಿನ ಕೊಮಾಯ್ ಶಾಲಾಮಕ್ಕಳನ್ನು ಪರೀಕ್ಷಿಸಿದಾಗ, ಆರೇಳು ವರ್ಷದವರಲ್ಲಿ ಶೇ. 54 ಮಂದಿಗೆ ಬರುತ್ತಿದ್ದುದು ಹನ್ನೆರಡು ವರ್ಷದವರಲ್ಲಿ ಶೇ. 76 ಆಗಿತ್ತು. ಹುಟ್ಟಿನಿಂದ ತೀರ್ಮಾನವಾಗಿದ್ದರೆ ವಯಸ್ಸಿನೊಂದಿಗೆ ಹೆಚ್ಚುವುದೇಕೆ? 1952ರಲ್ಲಿ ಮ್ಯಾಟ್ಲಾಕ್ ತದ್ರೂಪಿ ಅವಳಿಗಳ 33 ಜೋಡಿಗಳನ್ನು ನೋಡಿದರು. ಏಳು ಜೋಡಿಗಳಲ್ಲಿ ಒಬ್ಬರಿಗೆ ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ತದ್ರೂಪಿ ಅವಳಿಗಳ ಜೀನುಗಳು ಒಂದೇ ಅಲ್ಲವೇ? ಅಲ್ಲಿಗೆ ಆ ಸರಳ ಸಿದ್ಧಾಂತ ಮುಗಿಯಿತು. ಸ್ಟರ್ಟೆವಂಟ್ ಅವರೇ 1965ರ ತಮ್ಮ ಪುಸ್ತಕದಲ್ಲಿ, ಇದನ್ನು ಇನ್ನೂ ಮೆಂಡಲೀಯ ಗುಣಗಳ ಪಟ್ಟಿಯಲ್ಲಿ ಸೇರಿಸುತ್ತಿರುವುದು ತಮಗೆ ಮುಜುಗರ ತರುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾರೆ.

1965! ಆಗ ನನಗೆ ಆರು ವರ್ಷ. ಹೇಳಿದವರೇ ತಪ್ಪೆಂದು ಒಪ್ಪಿಕೊಂಡ ಮೂವತ್ತು ವರ್ಷಗಳ ನಂತರ, ನಾನು ಒಂದು ಮಗುವನ್ನು ಅದೇ ಮಾತಿನಿಂದ ಅಳಿಸಿದ್ದೆ. ಅವಳ ಕಣ್ಣು ಸರಿಯಾಗಿಯೇ ನೋಡಿತ್ತು. ತಪ್ಪಿದ್ದು ಮೇಷ್ಟ್ರ ಪಾಠ.

ನಾಲ್ಕಾರು ದಿನ ಒದ್ದಾಡಿದೆ. ಕೊನೆಗೆ ಆ ತಂಡದ ಹುಡುಗರು ಮಾಡಿಕೊಂಡಿರುವ ವಾಟ್ಸಾಪ್ ಗುಂಪಿನ ಮೂಲಕ ಅವಳ ಸಂಖ್ಯೆ ಪಡೆದೆ. ಈಗ ಬೇರೊಂದು ಜಿಲ್ಲೆಯಲ್ಲಿದ್ದಾಳೆ, ಗೃಹಸ್ಥೆ, ಒಬ್ಬ ಮಗನಿದ್ದಾನೆ. ಫೋನ್ ಮಾಡುವ ಮುಂಚೆ ಹತ್ತು ಸುತ್ತು ಉಸಿರಾಟ ಮಾಡಿದೆ ಎಂದರೆ ನೀವು ನಗಬಹುದು. ನನ್ನ ಕೈ ನಿಜವಾಗಿಯೂ ನಡುಗುತ್ತಿತ್ತು.

ಹೆಸರು ಹೇಳಿದ ಕೂಡಲೇ ಅವಳು ಸಂಭ್ರಮದಿಂದ, “ಸಾರ್! ಆರಾಮಿದ್ದೀರಾ?” ಎಂದಳು. ನಾನು ಕ್ಷೇಮಸಮಾಚಾರ ಮುಗಿಸಿ ವಿಷಯಕ್ಕೆ ಬಂದೆ. ಆ ದಿನದ ಪಾಠ ತಪ್ಪು, ನೀನು ನೋಡಿದ್ದು ಸರಿ, ತಂದೆತಾಯಿಗೆ ಬಾರದಿದ್ದರೂ ಮಕ್ಕಳಿಗೆ ಬರಬಹುದು, ನಿನ್ನನ್ನು ಎಲ್ಲರೆದುರು ಗದರಿದ್ದು ಅದಕ್ಕಿಂತ ದೊಡ್ಡ ತಪ್ಪು, ಕ್ಷಮಿಸಮ್ಮ ಎಂದೆ. ಆ ಕಡೆ ಬಹಳ ಹೊತ್ತು ಮೌನ. ಫೋನ್ ಕಡಿದುಹೋಯಿತೇ ಎಂದುಕೊಂಡೆ.

“ನಾನು ಮರೆತಿಲ್ಲ ಸಾರ್” ಎಂದಳು ಕೊನೆಗೆ. “ಆವತ್ತು ರಾತ್ರಿ ಅಜ್ಜಿ ಸೀಮೆಎಣ್ಣೆ ದೀಪ ಹತ್ತಿರ ತಂದು ನನ್ನ ಕಾಲು ಹಿಡಿದು ತೋರಿಸಿದರು. ನನ್ನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ಅಪ್ಪನದೂ ಹಾಗೇ ಇತ್ತು. ನೋಡು, ಇದು ನಿಮ್ಮಪ್ಪನ ಕಾಲೇ, ಮೇಷ್ಟ್ರಿಗೆ ಏನು ಗೊತ್ತು ಅಂದರು. ಆಮೇಲೆ ಊಟ ಮಾಡಿದೆ.” ಸ್ವಲ್ಪ ತಡೆದು, “ಆದರೂ ಸಾರ್, ಮದುವೆಯಾಗೋವರೆಗೂ ಯಾರ ಎದುರಿಗೂ ನಾಲಗೆ ಸುತ್ತಲಿಲ್ಲ” ಎಂದಳು.

ಅವಳು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದಳು. “ನನ್ನ ಮಗ ಈಗ ಒಂಬತ್ತನೇ ಕ್ಲಾಸು ಸಾರ್. ಇನ್ನೂ ಶಾಲೆಗಳಲ್ಲಿ ಹಾಗೇ ಹೇಳಿಕೊಡ್ತಾರಾ?” ನಾನು ಉತ್ತರಿಸಲಾಗದೆ, “ಕೆಲವರು ಹೇಳಬಹುದಮ್ಮ, ನಾನು ಬರೆಯುತ್ತೇನೆ” ಎಂದೆ. “ಬರೀರಿ ಸಾರ್. ನನ್ನ ಹೆಸರು ಬೇಡ” ಎಂದಳು. ಆ ಮಾತಿಗಾಗಿ ಇದನ್ನು ಬರೆದಿದ್ದೇನೆ.

ನನ್ನ ವಿದ್ಯಾರ್ಥಿಗಳಲ್ಲಿ ಹನ್ನೊಂದು ಮಂದಿ ಈಗ ಶಿಕ್ಷಕರಾಗಿದ್ದೀರಿ. ನೀವು ನನ್ನ ಟಿಪ್ಪಣಿಯನ್ನೇ ಇನ್ನೂ ಬಳಸುತ್ತಿದ್ದರೆ ದಯವಿಟ್ಟು ಆ ಪುಟವನ್ನು ಹರಿದುಹಾಕಿ. ನಾಲಗೆಯಲ್ಲಿ ಅನುವಂಶೀಯತೆಯ ಪಾಲು ಒಂದಿಷ್ಟು ಇದ್ದರೂ ಇರಬಹುದು. ಆದರೆ ಒಂದೇ ಜೀನು ಅದನ್ನು ತೀರ್ಮಾನಿಸುವುದಿಲ್ಲ. ಯಾವ ಮಗುವನ್ನೂ ತಂದೆತಾಯಿಯರ ಮೈಯ ಗುರುತು ಬರೆದುತರಲು ಮನೆಗೆ ಕಳುಹಿಸಬೇಡಿ. ಬಟಾಣಿ ಗಿಡವೇ ಸಾಕು, ಅದಕ್ಕೆ ಅವಮಾನವಾಗುವುದಿಲ್ಲ.

ಇನ್ನು ಅಭ್ಯಾಸದ ವಿಷಯ. ಈಗ ಒಂದು ವರ್ಷಕ್ಕೂ ಮೀರಿ ನಡೆಸಿಕೊಂಡು ಬಂದಿದ್ದೇನೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹತ್ತು ಸುತ್ತು, ಬೇಸಿಗೆಯಲ್ಲಿ ಸಂಜೆ ಇನ್ನೈದು. ರಕ್ತದೊತ್ತಡ 134/82ರ ಆಸುಪಾಸಿನಲ್ಲಿದೆ. ಅದರ ಶ್ರೇಯಸ್ಸು ಮಾತ್ರೆಗೆಷ್ಟು, ನಡಿಗೆಗೆಷ್ಟು, ಉಪ್ಪಿಲ್ಲದ ಸಾರಿಗೆಷ್ಟು, ಉಸಿರಿಗೆಷ್ಟು ಎಂದು ಪಾಲು ಮಾಡಲಾರೆ. ಮಾತ್ರೆಯನ್ನಂತೂ ವೈದ್ಯರು ಹೇಳದೇ ನಿಲ್ಲಿಸುವುದಿಲ್ಲ, ನೀವೂ ನಿಲ್ಲಿಸಬೇಡಿ. ನೆಗಡಿ, ಕೆಮ್ಮು, ಉಬ್ಬಸ ಇರುವವರಿಗೆ, ರಕ್ತದೊತ್ತಡ ಕಡಿಮೆ ಇರುವವರಿಗೆ ಇದು ಒಗ್ಗುವುದಿಲ್ಲ. ಚಳಿಗಾಲದಲ್ಲಿ ಬೇಡ. ಡಿಸೆಂಬರಿನಲ್ಲಿ ಹಟದಿಂದ ಮಾಡಿ ನಾನೇ ಹದಿನೈದು ದಿನ ಕೆಮ್ಮಿದ್ದೇನೆ. ಧೂಳು, ಹೊಗೆ ಇರುವ ಕಡೆಯೂ ಬೇಡ. ಮೂಗಿನಲ್ಲಿ ಸೋಸುವ ರೋಮಗಳಿವೆ, ಬಾಯಿಯಲ್ಲಿಲ್ಲ. ಪುಸ್ತಕ ನೋಡಿ ಅಥವಾ ನನ್ನ ಬರಹ ನೋಡಿ ಕಲಿಯುವ ಬದಲು ಬಲ್ಲವರ ಎದುರು ಕುಳಿತು ಕಲಿಯಿರಿ.

ಸಿಟ್ಟು ಹೋಯಿತೇ ಎಂದು ಕೇಳುವಿರಿ. ಪೂರ್ತಿ ಹೋಗಿಲ್ಲ. ಆದರೆ ಅದು ಬರುವ ಸದ್ದು ಈಗ ನನಗೆ ಸ್ವಲ್ಪ ಮೊದಲೇ ಕೇಳಿಸುತ್ತದೆ. ಮೊನ್ನೆ ಸಿಲಿಂಡರ್ ತಂದ ಅದೇ ಹುಡುಗನಿಗೆ ನೀರು ಕೊಟ್ಟು, ಕೂರಿಸಿ, “ಹಿಂದೆ ಒಂದು ಸಲ ನಿನ್ನ ಮೇಲೆ ರೇಗಿದ್ದೆನಪ್ಪ” ಎಂದೆ. “ಒಂದು ಸಲವಾ ಸಾರ್?” ಎಂದು ಅವನು ನಕ್ಕ.

ನಾಲಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮೊಮ್ಮಗಳ ಅಪ್ಪಣೆಯಂತೆ ದಿನಾ ಕನ್ನಡಿಯ ಮುಂದೆ ಎರಡು ನಿಮಿಷ ನಿಲ್ಲುತ್ತೇನೆ. ಎಡಗಡೆಯ ಅಂಚು ಈಗ ಸ್ವಲ್ಪ ಏಳುತ್ತದೆ. ಬಲಗಡೆಯದು ಇನ್ನೂ ಮಾತು ಕೇಳುತ್ತಿಲ್ಲ. ಕಳೆದ ವಾರ ವಿಡಿಯೋ ಕರೆಯಲ್ಲಿ ಅವಳಿಗೆ ತೋರಿಸಿದಾಗ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, “ಪ್ರಯತ್ನ ಸಾಲದು ತಾತ” ಎಂದಳು. ಥೇಟ್ ನನ್ನದೇ ದನಿ. ಅದು ಮಾತ್ರ ಅನುವಂಶೀಯವೇ ಇರಬೇಕು.

ಎಲ್ಲರಿಗೂ ಒಳಿತಾಗಲಿ. ಊರಿಗೆ ಬಂದವರು ಮನೆಗೆ ಬನ್ನಿ. ಮಡಕೆಯಲ್ಲಿ ತಣ್ಣನೆಯ ನೀರಿದೆ.

ಇಂತಿ ನಿಮ್ಮ ಮೇಷ್ಟ್ರು